ಎಂಟನೆಯ ಹಲಗೆ

ಭದ್ರಾವತಿಯ ಹಾಲೇಶಿ
ರಬ್ಬರ್ ಬ್ಯಾಂಡ್ ಸುತ್ತಿದ ಹತ್ತು ಸಾವಿರ ಬೆಂಚಿನ ಮೇಲಿಟ್ಟು
ಹೇಳಿದ್ದು ಇಷ್ಟೇ:
ಎಂಟು ಹಲಗೆ. ಹುಟ್ಟಿನಿಂದ ಕೊನೆಯವರೆಗೆ.
ನಗಿಸಬೇಡಿ, ಅಳಿಸಲೂ ಬೇಡಿ.
ಮೂವತ್ತು ವರ್ಷ ಕುಲುಮೆಯ ಬಾಯಲ್ಲಿ ನಿಂತವನು;
ಸುಟ್ಟ ಹುಬ್ಬು ಮತ್ತೆ ಬಂದಿಲ್ಲ.
ಕ್ವಾರ್ಟರ್ಸಿನ ಹಿಂದೆ ಶೀಟು ಹೊದೆಸಿದ ಒಂದು ಕೋಣೆ,
ಅದೇ ಅವರ ವಿಹಾರ.

ಸಾಗರದ ನಮ್ಮ ಬೀದಿಗೆ ಬುದ್ಧ ಹೊಸಬನಲ್ಲ.
ಅಂಗೈಯಗಲದವನು, ಕಣ್ಮುಚ್ಚಿದವನು,
ಗಾಜಿನ ಕಪಾಟಿನಲ್ಲಿ ಗಣಪತಿಯ ಪಕ್ಕ ಕೂತವನು,
ಜೋಗ ನೋಡಿ ಬಂದವರು ಚೌಕಾಸಿ ಮಾಡಿ ಒಯ್ಯುವವನು.
ಅವನಿಗೊಂದು ಬದುಕಿತ್ತೆಂದು
ನನ್ನ ಉಳಿಗೆ ಯಾರೂ ಹೇಳಿರಲಿಲ್ಲ.

ಶಿವಣೆ ಮರ ತಂದೆ. ಗಂಧಕ್ಕೆ ಪರ್ಮಿಟ್ಟೂ ಇಲ್ಲ, ದುಡ್ಡೂ ಇಲ್ಲ.
ಮೊದಲನೆಯದು ಸಲೀಸು: ಕೊಂಬೆ ಹಿಡಿದು ನಿಂತ ತಾಯಿ.
ಮದನಿಕೆಯ ಸೊಂಟ ಈ ಕೈಗೆ ಬಾಯಿಪಾಠ;
ಬಸುರಿನ ಭಾರ ಹಿಮ್ಮಡಿಗೆ ಇಳಿಯುವುದನ್ನು ಮಾತ್ರ
ಹೊಸದಾಗಿ ಕಲಿತೆ.

ಎರಡನೆಯದು ಮದುವೆ.
ಮೂಲೆಯಿಂದ ಜಟ್ಟಪ್ಪ ಚಿಕ್ಕಪ್ಪನ ಕೂಗು:
ಬಾಸಿಂಗ ಎಲ್ಲಿ ಕೂಸೇ?
ಶಾಕ್ಯರಲ್ಲಿ ಬಾಸಿಂಗ ಇತ್ತೋ ಇಲ್ಲವೋ ಎಂದೆ.
ಇಲ್ಲದೇ ಮದುವೆ ಹೇಗಾಯ್ತು ಎಂದ.
ಹೀಗೆ ಸಿದ್ಧಾರ್ಥನ ಹಣೆಗೆ
ಸೊರಬ ಸೀಮೆಯ ಬಾಸಿಂಗ ಬಿತ್ತು.

ಕೊಡತಿ ಎತ್ತಲಾರ ಈಗ ಚಿಕ್ಕಪ್ಪ.
ನಲವತ್ತು ವರ್ಷದ ಗಂಧದ ಹುಡಿ ಎದೆಯಲ್ಲಿ ಕೂತು
ಕೆಮ್ಮಿದರೂ ಪರಿಮಳ ಎಂಬುದು ಅವನದೇ ತಮಾಷೆ.
ಕೆರೆಯ ಬೆಂಡು ಹೆರೆಯುತ್ತಾನೆ,
ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಂಥದ್ದು.
ಅವನು ಜೋರಾಗಿ ಉಸಿರು ಬಿಡುವುದಿಲ್ಲ.

ಕುದುರೆಯ ಹಲಗೆಯಲ್ಲಿ ಗಂಟು ಸಿಕ್ಕಿತು,
ಸರಿಯಾಗಿ ಕಂಥಕನ ಕಣ್ಣಲ್ಲೇ.
ತೆಗೆದರೆ ಕುಳಿ, ಬಿಟ್ಟರೆ ಕುರುಡು.
ಬಿಟ್ಟೆ. ಸವಾರನಿಲ್ಲದೆ ಮರಳುವ ಕುದುರೆ
ನೋಡುವುದಾದರೂ ಏನನ್ನು?

ನಾಲ್ಕನೆಯದರಲ್ಲಿ ನಿಂತುಹೋದೆ. ಉಪವಾಸದವನು.
ಹಾಲೇಶಿ ಫೋನಿನಲ್ಲಿ ತೋರಿಸಿದ್ದ:
ಹೊಟ್ಟೆ ಬೆನ್ನಿಗೆ ಹತ್ತಿದೆ, ನರಗಳೆಲ್ಲ ಒಣಬಳ್ಳಿ.
ನಮ್ಮ ದೇವರುಗಳು ಉಂಡು ಕೂತವರು.
ತಾಳ, ಅಂಗುಲ, ಯವ, ಎಲ್ಲವೂ ತುಂಬಿದ ಮೈಯ ಅಳತೆ.
ಹಸಿವಿಗೆ ಎಷ್ಟು ಅಂಗುಲ?
ಅಜ್ಜನ ಪಟ್ಟಿ ಪುಸ್ತಕದಲ್ಲಿ ಆ ಪುಟವೇ ಇಲ್ಲ.

ಮೂರು ದಿನ ಹಲಗೆ ಗೋಡೆಗೊರಗಿತ್ತು.
ಮರುದಿನ ಚಿಕ್ಕಪ್ಪ ಅಂಗಿ ಬಿಚ್ಚಿ
ಕಿಟಕಿಯ ಬೆಳಕಿಗೆ ಹೋಗಿ ಚಕ್ಕಳಮಕ್ಕಳ ಕೂತ.
ಎಣಿಸಿಕೋ, ಎಂದ.
ಎಡಕ್ಕೆ ಒಂಬತ್ತು ಕಂಡವು.
ಬಲಕ್ಕೆ, ಏಣಿಯಿಂದ ಬಿದ್ದು ಮುರಿದದ್ದೂ ಸೇರಿ, ಹತ್ತು.
ನಡುವೆ, ಉಸಿರೆಳೆದಾಗ, ಒಂದು ಗುಳಿ;
ಗುಬ್ಬಿಗೆ ನೀರಿಡುವಷ್ಟು.
ನಾನು ಗೀರಿದೆ. ಅವನು ಕೆಮ್ಮು ತಡೆದ.
ಸಂಜೆಯ ಹೊತ್ತಿಗೆ ಕೇಳಿದ:
ಪಾಯಸದ ಹುಡುಗಿ ಎಷ್ಟನೇ ಹಲಗೆ?
ಮುಂದಿನದೇ.
ಹಾಗಾದರೆ ಬೇಗ ಕೆತ್ತು ಮಾರಾಯ್ತಿ.

ಸುಜಾತೆಯ ಬಟ್ಟಲನ್ನು ಒಂದು ನೂಲು ದೊಡ್ಡದು ಮಾಡಿದೆ.
ಆ ರಾತ್ರಿ ಮನೆಯಲ್ಲೂ ಸಬ್ಬಕ್ಕಿ ಬೆಂದಿತು.
ಎರಡು ಚಮಚ ಉಂಡ,
ಮೂರನೆಯದಕ್ಕೆ ಬಾಯಿ ತೆರೆದು, ಮುಚ್ಚಿದ.

ನೆಲ ಮುಟ್ಟಿದ ಬೆರಳು, ಜಿಂಕೆಗಳ ಕಿವಿ:
ಕೈ ತಾನಾಗಿ ನಡೆಯಿತು.
ಮಾರನ ಸೈನ್ಯಕ್ಕೆ ನಮ್ಮ ಬೀದಿಯ ದಲ್ಲಾಳಿಗಳ ಮುಖ ಬಂದದ್ದು
ಬೇಕೆಂದೇ.

ಎಂಟನೆಯದು.
ಮಧ್ಯಾಹ್ನ, ಬೆಂಡಿನ ಚೂರುಗಳ ನಡುವೆ
ಬಲಕ್ಕೆ ಹೊರಳಿ, ಅಂಗೈಗೆ ಕೆನ್ನೆ ಕೊಟ್ಟು,
ಪಾದದ ಮೇಲೆ ಪಾದವಿಟ್ಟು ಮಲಗಿದ್ದ.
ಯಾರೂ ಹೇಳಿಕೊಡದೆ ಅದೇ ಭಂಗಿ.
ಸದ್ದಾಗದಂತೆ ಪೆನ್ಸಿಲು ತೆಗೆದೆ.
ಭುಜ. ಸೊಂಟದ ಇಳಿಜಾರು. ಮೊಣಕಾಲು.
ಕಾಲ್ಬೆರಳಿಗೆ ಬರುವಾಗ
ಕಣ್ಣು ತೆರೆಯದೇ ಹೇಳಿದ:
ನಿದ್ದೆ ಅಷ್ಟೇ ಕೂಸೇ. ಇನ್ನೂ ಹೊರಟಿಲ್ಲ.

ಏಳು ಹಲಗೆಗಳನ್ನು ಗರಗತ್ತಿ ಎಲೆಯಲ್ಲಿ ತಿಕ್ಕಿ ನುಣುಪು ಮಾಡಿದೆ.
ಎಂಟನೆಯದನ್ನು ತಿಕ್ಕಲಿಲ್ಲ.
ಹಾಲೇಶಿ ಬಂದು ಬೆರಳಾಡಿಸಿದ.
ಇಲ್ಲಿ ತರಿ ಉಳಿದಿದೆಯಲ್ಲ?
ಉಳಿದಿದೆ, ಎಂದೆ.
ಮೂಲೆಯಲ್ಲಿ ಕೆಮ್ಮು.
ಅವನು ಆ ಕಡೆ ನೋಡಿದ, ಹಲಗೆ ನೋಡಿದ,
ಮತ್ತೇನೂ ಕೇಳದೆ
ಹೆಗಲ ಟವೆಲು ತೆಗೆದು
ಮಲಗಿದ ಮೈಗೆ ಹೊದೆಸಿ, ಎತ್ತಿಕೊಂಡ.